ದೇಶಾಂತರವಾಸವೂ ಮಕ್ಕಳ ಗೃಹಸೌಖ್ಯವೂ

ಘಟ್ಟದ ಮೇಲಿನ ಸೀಮೆಯ, ಅದರಲ್ಲಿಯೂ ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲೂಕುಗಳ ತೋಟಿಗರ ಮನೆಗಳಲ್ಲಿ ಎರಡು ತಲೆಮಾರುಗಳಿಂದ ಒಂದು ವಾದವು ನಡೆದುಬಂದಿರುತ್ತದೆ. ಹುಟ್ಟಿದ ಊರನ್ನು ಬಿಟ್ಟು ಅಮೇರಿಕೆಗೋ ಇಂಗ್ಲಂಡಕ್ಕೋ ಹೋಗಿ ನೆಲಸಿದವರು, ತಾವು ಹೋದದ್ದು ಮಕ್ಕಳಿಗೋಸ್ಕರ ಎನ್ನುತ್ತಾರೆ. ಊರಲ್ಲುಳಿದ ಹಿರಿಯರಾದರೋ, ಅಜ್ಜ-ಅಜ್ಜಿಯರ ತೊಡೆಯೇರದೆ ಬೆಳೆದ ಮಗುವಿಗೆ ಎಂಥ ಸಂಸಾರಸುಖವೆಂದು ಮರುಪ್ರಶ್ನೆ ಹಾಕುತ್ತಾರೆ. ಧನ, ವಿದ್ಯೆ, ಉದ್ಯೋಗಗಳ ಮಾತು ಬೇರೆ. ವಿವಾದವಿರುವದು ಮನೆಯೊಳಗಿನ ಬಾಳುವೆಯ ವಿಷಯದಲ್ಲಿ. ಈ ವಾದದಲ್ಲಿ ಉಭಯಪಕ್ಷದವರೂ ಹಳೆಯ ಮನೆಯ ಒಂದು ಚಿತ್ರವನ್ನು ಕಣ್ಣೆದುರಿಗಿಟ್ಟುಕೊಂಡೇ ಮಾತನಾಡುತ್ತಾರೆ: ಒಬ್ಬರು ಅದನ್ನು ಕಳೆದುಕೊಂಡೆವೆಂದು ಮರುಗುತ್ತಾರೆ, ಇನ್ನೊಬ್ಬರು ಅದರಿಂದ ಬಿಡಿಸಿಕೊಂಡೆವೆಂದು ಸಮಾಧಾನಪಡುತ್ತಾರೆ. ಆ ಚಿತ್ರವು ಎಷ್ಟರ ಮಟ್ಟಿಗೆ ನಿಜವಾದದ್ದೆಂಬದನ್ನು ಪರಾಮರ್ಶಿಸದೆ ನಿರ್ಣಯಕ್ಕೆ ಬರುವದು ಯುಕ್ತವಲ್ಲ.

ಊರು ಬಿಡುವದು ಈ ಸೀಮೆಗೆ ಹೊಸತೇನಲ್ಲ. ಹವ್ಯಕರ ಪೂರ್ವಿಕರನ್ನು ಕದಂಬ ಮಯೂರವರ್ಮನು ಅಹಿಚ್ಛತ್ರದಿಂದ ಕರೆತಂದನೆಂಬ ಪ್ರತೀತಿಯನ್ನು ನಂಬಿದವರು, ತಾವೇ ವಲಸೆ ಬಂದವರ ಸಂತತಿಯೆಂಬದನ್ನು ಒಪ್ಪಿದಂತಾಯಿತು. ಪ್ರತೀತಿಯನ್ನು ಬದಿಗಿಟ್ಟು ಶಾಸನವನ್ನೇ ನೋಡಿದರೂ ಸಂಗತಿಯು ಬೇರೆಯಾಗುವದಿಲ್ಲ. ಶಾಂತಿವರ್ಮನ ಕಾಲದ, ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನದ ಪ್ರಕಾರ, ಮಯೂರಶರ್ಮನು ವೇದಾಧ್ಯಯನವನ್ನು ಪೂರೈಸುವದಕ್ಕಾಗಿ ಪಲ್ಲವರ ಕಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಅಪಮಾನಿತನಾಗಿ ಶಸ್ತ್ರವನ್ನು ಹಿಡಿದು, ಮುಂದೆ ಬನವಾಸಿಯ ರಾಜ್ಯಕ್ಕೆ ಮೂಲಪುರುಷನಾದನು. ಹೋಗುವಾಗ ಅವನು ಒಬ್ಬನೇ ಇದ್ದಿಲ್ಲ. ವೀರಶರ್ಮನೆಂಬ ಗುರುವು ಜೊತೆಗಿದ್ದನು. ಈತನೇ ಅವನ ಅಜ್ಜನೆಂದು ಅನೇಕ ಇತಿಹಾಸಕಾರರು ಗ್ರಹಿಸಿದ್ದಾರೆ. ಹಾಗಿದ್ದರೆ ಮೊಮ್ಮಗನ ಸಂಗಡ ಅಜ್ಜನೂ ಹೊರಟಂತಾಯಿತು. ಇದು ಸಣ್ಣ ಸಂಗತಿಯಾದರೂ ಮುಂದಿನ ವಿಚಾರಕ್ಕೆ ನೆನಪಿನಲ್ಲಿಡತಕ್ಕದ್ದು.

ಸಮುದ್ರವನ್ನು ದಾಟುವದು ಮಾತ್ರ ಬೇರೆ ಮಾತಾಗಿದ್ದಿತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಎಣಿಸಿತು; ಉತ್ತರದೇಶದವರಲ್ಲಿ ಆ ರೂಢಿಯು ಉಂಟೆಂಬದನ್ನೂ ಅದೇ ಸೂತ್ರವು ಹೇಳುತ್ತದೆ. ಮುಂದಿನ ನಿಬಂಧಕಾರರು ಅದನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ನಿಷೇಧಿಸಬೇಕಾಯಿತೆಂದರೆ ಹೋಗುವವರು ಇದ್ದರೆಂದೇ ಅರ್ಥವಲ್ಲವೆ? ಹೊನ್ನಾವರದಲ್ಲಿ 1855ರಲ್ಲಿ ಜನಿಸಿದ ನಾರಾಯಣ ಗಣೇಶ ಚಂದಾವರಕರರು 1885ರಲ್ಲಿ ಭಾರತದ ಪಕ್ಷವನ್ನು ಮಂಡಿಸುವದಕ್ಕಾಗಿ ಇಂಗ್ಲಂಡಕ್ಕೆ ಹೋಗಿಬಂದರು. 1900ರಲ್ಲಿ ಲಾಹೋರದ ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. ಅಂದಿನ ಪ್ರವಾಸಗಳು ಬಹುಶಃ ಎಲ್ಲವೂ ಹೋಗಿಬರುವ ಪ್ರವಾಸಗಳೇ. ಮಕ್ಕಳೊಡನೆ ಹೋಗಿ ಅಲ್ಲಿಯೇ ಒಲೆ ಹೂಡುವ ಪ್ರಶ್ನೆಯು ಬಹಳ ಈಚಿನದು.

ಇನ್ನು ಹಳೆಯ ಮನೆಯ ವಿಚಾರ. ಸಿದ್ದಾಪುರದ ತೋಟಿಗನ ಮನೆಯು ಬಯಲುಸೀಮೆಯ ಮನೆಗಳಂತೆ ಗೋಡೆಗೆ ಗೋಡೆ ತಾಗಿ ನಿಂತದ್ದಲ್ಲ. ಕಣಿವೆಯ ತಳದಲ್ಲಿ ಅಡಿಕೆಯ ತೋಟ, ಅದರ ಅಂಚಿಗೆ ಮನೆ, ಹಿಂದುಗಡೆ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಎಂಟೊಂಬತ್ತು ಎಕರೆ ಬೆಟ್ಟದ ಸೊಪ್ಪು ಬೇಕಾಗುವ ಬೇಸಾಯದಲ್ಲಿ ಮನೆಗಳು ತಾವಾಗಿಯೇ ದೂರದೂರವಾದವು. ನೆರೆಯವನ ಒಲೆಯ ಹೊಗೆ ಕಂಡರೂ ಅವನ ಮುಖ ಕಾಣದ ದಿನಗಳು ಎಷ್ಟೋ. (ಅಮೇರಿಕೆಯ ಊರಂಚಿನ ಒಂಟಿಮನೆಗಳನ್ನು ಕಂಡು ಬೆಂಗಳೂರಿನವರು ಅಂಜುವಷ್ಟು ಸಿದ್ದಾಪುರದವರು ಅಂಜುವದಿಲ್ಲವೆಂದರೆ ಅದಕ್ಕೆ ಇದೇ ಕಾರಣವಿರಬೇಕು.) ಆದುದರಿಂದ ಇಲ್ಲಿ ಮನೆಯೇ ಊರಾಗಬೇಕಾಯಿತು. ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ, ಅವರ ಹೆಂಡಿರು, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆ, ಹತ್ತು ಹನ್ನೆರಡು ಮಕ್ಕಳು, ಇಷ್ಟು ಜನರು ಒಂದೇ ಒಲೆಯ ಅನ್ನವನ್ನು ಉಂಡರು. ತೋಟದ ಕೆಲಸಕ್ಕೆ ಹೆಚ್ಚು ಕೈಗಳು ಬೇಕಾದದ್ದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುವರು. ಅದಕ್ಕಿಂತ ಬಲವತ್ತರವಾದ ಕಾರಣವು ಇನ್ನೊಂದಿದ್ದಿತು, ಅದು ಚಳಿಜ್ವರ.

1901ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆಯು 4,54,490 ಇದ್ದಿತು. 1921ರ ಹೊತ್ತಿಗೆ ಅದು ಸುಮಾರು ನಾಲ್ಕು ಲಕ್ಷಕ್ಕೆ ಇಳಿಯಿತು. ಪ್ಲೇಗಿನ ಮತ್ತು 1918ರ ಇನ್‌ಫ್ಲುಯೆಂಜಾದ ಪಾಲು ಇದರಲ್ಲಿ ಇದ್ದೇ ಇದೆ. ಆದರೆ ಘಟ್ಟದ ಮೇಲಿನ ತಾಲೂಕುಗಳನ್ನು ವರ್ಷವರ್ಷವೂ ಬಿಡದೆ ಕೊರೆದದ್ದು ಮಲೇರಿಯವೇ. ಬಾಣಂತಿಯರೂ ಹಸುಗೂಸುಗಳೂ ಮೊದಲು ಬಲಿಯಾದರು. ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳು ಪ್ರತಿಯೊಂದು ಕೇರಿಯಲ್ಲಿಯೂ ಇದ್ದರು. ಅಂಥ ಕಾಲದಲ್ಲಿ ತಾಯಿ ಸತ್ತರೆ ಚಿಕ್ಕಮ್ಮನು ಹಾಲೂಡಿಸಿದಳು, ತಂದೆ ಸತ್ತರೆ ದೊಡ್ಡಪ್ಪನು ಮುಂಜಿ ಮಾಡಿಸಿದನು. ಅವಿಭಕ್ತ ಕುಟುಂಬವು ಅನಾಥತ್ವಕ್ಕೆ ಇದಿರಾಗಿ ಕಟ್ಟಿದ ಕೋಟೆಯಾಗಿದ್ದಿತು. ಅದು ಮಕ್ಕಳಿಗೆ ಕೊಟ್ಟದ್ದು ಮೊದಲು ರಕ್ಷಣೆಯನ್ನು. ಸುಖವು ಆಮೇಲಿನ ಮಾತು.

ಈ ಕೋಟೆಯ ಬಲವು 1930ರಿಂದ 1934ರ ವರೆಗಿನ ಕರನಿರಾಕರಣದ ದಿನಗಳಲ್ಲಿ ಚೆನ್ನಾಗಿ ಕಂಡುಬಂದಿತು. ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳ ರೈತರು ಸರಕಾರಕ್ಕೆ ಕಂದಾಯ ಕೊಡದೆ ನಿಂತರು. ಭೂಮಿಯು ಜಪ್ತಾಯಿತು, ಪಾತ್ರೆ-ಪಡಗಗಳು ಹರಾಜಾದವು, ಗಂಡಸರಂತೆ ಹೆಂಗಸರೂ ಸೆರೆಮನೆಯನ್ನು ಕಂಡರು. ಆಗ ಮಕ್ಕಳು ಬೀದಿಗೆ ಬೀಳದಂತೆ ನೋಡಿಕೊಂಡವರು ಯಾರು? ಬಂಧುಬಳಗದವರೇ. ಮುಂಬಯಿಯಲ್ಲಿ 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ತರುವಾಯವೇ ಜಪ್ತಾದ ಭೂಮಿಗಳು ತಿರುಗಿ ಸಿಗುವ ಏರ್ಪಾಡಾಯಿತು. ಅಷ್ಟು ವರ್ಷಗಳ ವರೆಗೆ ಒಬ್ಬರ ಮಕ್ಕಳು ಇನ್ನೊಬ್ಬರ ಮನೆಯಲ್ಲಿ ಬೆಳೆಯುವದು ಆ ತಾಲೂಕಿನಲ್ಲಿ ವಿಶೇಷವೆನಿಸಲಿಲ್ಲ. ಹೊರದೇಶದಲ್ಲಿ ತಂದೆತಾಯಿಗಳಿಬ್ಬರೇ ಇರುವ ಮನೆಗೆ ಇಂಥ ಆಪತ್ತು ಬಂದರೆ ಏನು ಗತಿ ಎಂದು ಹಿರಿಯರು ಕೇಳುವದರಲ್ಲಿ ಅರ್ಥವಿದೆ.

ಆದರೆ ಇದು ಚಿತ್ರದ ಒಂದು ಮಗ್ಗುಲು. ಆ ತುಂಬಿದ ಮನೆಯಲ್ಲಿ ಮಗುವಿಗೆ ಎಲ್ಲರೂ ಇದ್ದರು, ತಂದೆಯೊಬ್ಬನನ್ನು ಬಿಟ್ಟು. ಹಿರಿಯರ ಎದುರಿಗೆ ತನ್ನ ಮಗುವನ್ನು ತಾನೇ ಎತ್ತಿಕೊಂಡು ಮುದ್ದಿಸುವದು ತರುಣನಾದ ಗೃಹಸ್ಥನಿಗೆ ಲಜ್ಜಾಸ್ಪದವಾಗಿದ್ದಿತು. ಮಗನನ್ನು ಶಾಲೆಗೆ ಕಳಿಸಬೇಕೋ ತೋಟಕ್ಕೆ ಹಚ್ಚಬೇಕೋ ಎಂಬದನ್ನು ನಿರ್ಧರಿಸುವವನು ಮನೆಯ ಯಜಮಾನನು. ಹೆತ್ತ ತಂದೆಯು ಜಗುಲಿಯ ಕೆಳಗೆ ನಿಂತು ಕೇಳುವವನು. ತಾಯಿಯಂತೂ ಸರದಿಯ ಅಡಿಗೆ, ಕೊಟ್ಟಿಗೆ, ಮಡಿ-ಮೈಲಿಗೆಗಳ ನಡುವೆ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗುತ್ತಿದ್ದಳು. ಅಜ್ಜಿಯ ತೊಡೆಯ ಸುಖವನ್ನು ಬಣ್ಣಿಸುವವರು, ಆ ತೊಡೆಯು ಯಾಕೆ ಅಷ್ಟು ಬೇಕಾಯಿತೆಂಬದನ್ನೂ ಹೇಳಬೇಕು.

ಇದಲ್ಲದೆ, ಮಕ್ಕಳು ಆ ಮನೆಯಲ್ಲಿ ಇದ್ದದ್ದಾದರೂ ಎಷ್ಟು ವರ್ಷ? ಹುಡುಗರ ಮಾತನ್ನು ತೆಗೆದುಕೊಳ್ಳೋಣ. ಕನ್ನಡಶಾಲೆಯ ಓದು ಮುಗಿದ ಮೇಲೆ ಮುಂದೆ ಕಲಿಯಬೇಕಾದವನು ಹತ್ತು ಹನ್ನೆರಡನೆಯ ವರ್ಷಕ್ಕೇ ಮನೆ ಬಿಡಬೇಕು. ಸಂಸ್ಕೃತಕ್ಕೆ ಮಠದ ಪಾಠಶಾಲೆ ಅಥವಾ ಗೋಕರ್ಣ. ಇಂಗ್ಲಿಷಿಗೆ ಶಿರಸಿ, ಕುಮಟೆ, ಕಾರವಾರ. ಕಾಲೇಜಿಗೆ, 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾದ ಮೇಲೆ, ಧಾರವಾಡ. ಸೋದರಮಾವನ ಮನೆಯಿದ್ದವನು ಅಲ್ಲಿ ಉಳಿದನು. ಇಲ್ಲದವನು ವಾರಾನ್ನಕ್ಕೆ ನಿಂತನು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ; ಊಟಕ್ಕೆ ಕರೆಯುವ ವರೆಗೆ ಜಗುಲಿಯ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿರಬೇಕು; ಆ ಮನೆಯಲ್ಲಿ ಸೂತಕ ಬಂದರೆ ಆ ದಿನ ಉಪವಾಸ. ವಾರಾನ್ನದಿಂದ ವಿದ್ಯೆ ಗಳಿಸಿದವರ ಕೀರ್ತಿಯನ್ನು ಹಾಡುವದು ವಾಡಿಕೆಯಾಗಿದೆ, ಅದು ಯೋಗ್ಯವೂ ಹೌದು; ಆದರೆ ಹನ್ನೊಂದು ವರ್ಷದ ಬಾಲಕನು ಏಳು ಮನೆಗಳಲ್ಲಿ ಉಂಡು ಒಂದರಲ್ಲಿಯೂ ಮಗನಾಗದೆ ಬೆಳೆದದ್ದನ್ನು ಗೃಹಸೌಖ್ಯವೆನ್ನಲು ಬಾರದು. ಅನುಕೂಲವಿದ್ದ ಮನೆಯ ಮಕ್ಕಳೂ ದೂರ ಹೋಗಲೇಬೇಕಾಗಿತ್ತು. 1926ರಲ್ಲಿ ಸಿದ್ದಾಪುರದ ದೊಡ್ಮನೆಯಲ್ಲಿ ಜನಿಸಿ 1983ರಿಂದ 1988ರ ವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ಓದಿದ್ದು ಕಾಶೀ ವಿದ್ಯಾಪೀಠದಲ್ಲಿ, ಲಖನೌ ವಿಶ್ವವಿದ್ಯಾಲಯದಲ್ಲಿ.

ಹೆಣ್ಣುಮಕ್ಕಳದು ಇದಕ್ಕಿಂತ ಕಠಿನವಾದ ದೇಶಾಂತರ. ಹೆಣ್ಣಿಗೆ ಹದಿನಾಲ್ಕು ವರ್ಷ ತುಂಬದೆ ವಿವಾಹವಾಗಬಾರದೆಂಬ ಶಾರದಾ ಶಾಸನವು 1929ರಲ್ಲಿ ಅಂಗೀಕೃತವಾಗಿ 1930ರಲ್ಲಿ ಜಾರಿಗೆ ಬಂದಿತು. ಅದಕ್ಕೆ ಮುಂಚೆ ಎಂಟು ಹತ್ತು ವರ್ಷಕ್ಕೆ ಮದುವೆಯಾಗಿ, ಮೈನೆರೆದ ಕೂಡಲೆ ಗಂಡನ ಮನೆಗೆ ಹೋದ ಬಾಲಿಕೆಯರ ಲೆಕ್ಕವಿಲ್ಲ. ಸಾಗರಸೀಮೆಯಿಂದ ಯಲ್ಲಾಪುರದ ಕಾಡೊಳಗಿನ ಮನೆಗೆ ಬಂದವಳಿಗೆ, ಹೊಳೆ ತುಂಬಿದ ನಾಲ್ಕು ತಿಂಗಳು ತವರಿನ ಸುದ್ದಿಯೇ ಇಲ್ಲ. ಇಂದು ನ್ಯೂಜೆರ್ಸಿಯಲ್ಲಿ ಬೆಳೆಯುವ ಈ ಸೀಮೆಯ ಹುಡುಗಿಯು ಹದಿನೆಂಟು ವರ್ಷ ತುಂಬುವ ವರೆಗೂ ತಂದೆತಾಯಿಗಳ ಜೊತೆಯಲ್ಲಿಯೇ ಉಣ್ಣುತ್ತಾಳೆ. ಅವಳ ಮುತ್ತಜ್ಜಿಗೆ ತಾಯಿಯ ಕೈಯ ಅನ್ನವು ಇದರ ಅರ್ಧದಷ್ಟು ಕಾಲ ದೊರೆತಿದ್ದರೆ ಅದೇ ಪುಣ್ಯ.

ಇಷ್ಟಾದರೂ ಹೇಳಿದ್ದು ಭೂಮಿಯಿದ್ದವರ ಕಥೆ. ಗೇಣಿ ಒಕ್ಕಲಿನವರ, ಕೂಲಿಯವರ ಗುಡಿಸಲಲ್ಲಿ ಹತ್ತು ಕೋಣೆಯ ಕುಟುಂಬವೆಲ್ಲಿಯದು? ಕೊನೆಕೊಯ್ಲಿನ ಹಂಗಾಮಿಗೆ ಘಟ್ಟದ ಕೆಳಗಿನಿಂದ ಹತ್ತಿಬಂದ ಆಳುಗಳು ತಿಂಗಳುಗಟ್ಟಲೆ ಮಕ್ಕಳ ಮುಖ ನೋಡದೆ ದುಡಿದರು. ಹಳೆಯ ಕಾಲದ ಸಂಸಾರಸುಖವನ್ನು ನೆನೆಯುವಾಗ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ.

ಆ ಮನೆಯನ್ನು ಒಡೆದದ್ದು ಪರದೇಶದ ಹಂಬಲವೆಂದು ದೂರುವದೂ ಸರಿಯಲ್ಲ. 1945-46ರ ಸುಮಾರಿಗೆ ಮುಂಬಯಿ ಪ್ರಾಂತದ ಸರಕಾರವು ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಕೊಂಡಿತು. ಕೆಲವೇ ವರ್ಷಗಳಲ್ಲಿ ಚಳಿಜ್ವರವು ಹಿಂದೆಗೆಯಿತು. ಮಕ್ಕಳು ಉಳಿಯತೊಡಗಿದರು; ತಂದೆತಾಯಿಗಳೂ ಉಳಿಯತೊಡಗಿದರು. ಅನಾಥತ್ವದ ಭಯ ಹೋದ ಮೇಲೆ ಕೋಟೆಯ ಅವಶ್ಯಕತೆಯೂ ಕಡಿಮೆಯಾಯಿತು. ಉಳಿದ ಮಕ್ಕಳು ಹೆಚ್ಚಾದಂತೆ ತೋಟದ ಹಿಸೆಗಳು ಹೆಚ್ಚಿದವು, ಒಂದೊಂದು ಹಿಸೆಯೂ ಚಿಕ್ಕದಾಯಿತು. 1956ರ ಹಿಂದೂ ಉತ್ತರಾಧಿಕಾರ ಶಾಸನ, 1961ರ ಭೂಸುಧಾರಣೆಯ ಶಾಸನಕ್ಕೆ 1974ರಲ್ಲಿ ಆದ ತಿದ್ದುಪಡಿ, ಇವು ಉಳಿದದ್ದನ್ನು ಪೂರ್ತಿಗೊಳಿಸಿದವು. ಗೇಣಿದಾರನು ಒಡೆಯನಾದನು; ಒಡೆಯನ ಮಗನು ನೌಕರಿ ಹುಡುಕಿದನು; ಒಂದು ತಲೆಮಾರಿನ ತರುವಾಯ ಗೇಣಿದಾರನ ಮಗನೂ ಅದೇ ದಾರಿಯಲ್ಲಿ ಬೆಂಗಳೂರಿಗೆ ನಡೆದನು. ಹೀಗೆ ಮನೆಯು ಮೊದಲೇ ಸಡಿಲಿಹೋಗಿದ್ದಿತು. ಪರದೇಶದ ವಾಸವು ಸಡಿಲಿದ್ದನ್ನು ದೂರ ಒಯ್ದದ್ದು, ಅಷ್ಟೆ.

ದೂರ ಹೋದವರೆಲ್ಲರೂ ಒಂದೇ ರೀತಿಯಲ್ಲಿ ಹೋಗಲಿಲ್ಲವೆಂಬದನ್ನು ಇಲ್ಲಿ ಗಮನಿಸಬೇಕು. ಇದೇ ಜಿಲ್ಲೆಯ ಕರಾವಳಿಯಿಂದ ಮುಂಬಯಿಗೆ ಹೋದ ಚಿತ್ರಾಪುರ ಸಾರಸ್ವತರು ಗುಂಪಾಗಿ ನೆಲಸಿದರು. ಶ್ರೀಪಾದ ಸುಬ್ರಾವ ತಾಲಮಕಿಯವರ ಉದ್ಯಮದಿಂದ 1906ರಲ್ಲಿ ಶಾಮರಾವ ವಿಠಲ ಸಹಕಾರಿ ಸಂಘವೂ, 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹಸಂಘವೂ ಹುಟ್ಟಿದವು. ನಮ್ಮ ದೇಶದಲ್ಲಿ ಇಂಥ ಗೃಹಸಂಘಗಳಿಗೆ ಇದೇ ಮೇಲ್ಪಂಕ್ತಿ. ಅಲ್ಲಿ ಕೋಣೆಗಳು ಇಕ್ಕಟ್ಟಾದರೂ ಮಗುವಿಗೆ ಪಕ್ಕದ ಬಾಗಿಲಲ್ಲಿ ಒಬ್ಬ ಅತ್ತೆ, ಮೆಟ್ಟಿಲ ಕೆಳಗೆ ಒಬ್ಬ ಮಾವ ಇದ್ದರು. ತಂದೆಯೂ ಸಂಜೆಗೆ ಕಚೇರಿಯಿಂದ ಮನೆಗೆ ಬರುತ್ತಿದ್ದನು. ಹಳೆಯ ಮನೆಯ ಜನಬಲವೂ ಹೊಸ ಮನೆಯ ಪಿತೃಸಾಮೀಪ್ಯವೂ ಕೂಡಿದ ಇಂಥ ಉದಾಹರಣೆಯು ಬೇರೆ ಕಡೆ ವಿರಳ.

ಘಟ್ಟದ ಮೇಲಿನವರು ಅಮೇರಿಕೆಗೆ ಹೋದ ಬಗೆ ಹೀಗಲ್ಲ. ಅಲ್ಲಿಯ 1965ರ ವಲಸೆಶಾಸನವು ಜನಾಂಗದ ಮೇಲಿನ ನಿರ್ಬಂಧವನ್ನು ತೆಗೆದ ತರುವಾಯ ವೈದ್ಯರೂ ಎಂಜಿನಿಯರರೂ ಒಬ್ಬೊಬ್ಬರಾಗಿ ಹೋದರು. 1990ರ ಶಾಸನದಿಂದ ಎಚ್-1ಬಿ ಎಂಬ ಪರವಾನಿಗೆಯು ಬಂದಮೇಲೆ ಗಣಕಯಂತ್ರದ ವಿದ್ಯೆಯವರು ಅನೇಕರು ಹೋದರು. ಕೆಲಸ ಸಿಕ್ಕ ಊರೇ ಊರು. ವಾರದ ಐದು ದಿನ ಗಂಡ, ಹೆಂಡತಿ, ಮಗು ಮೂವರೇ. ಈ ಮೂವರ ಮನೆಯಲ್ಲಿ ಒಂದು ಹೊಸ ಸಂಗತಿಯು ನಡೆಯಿತು: ತಂದೆಯು ಮಗುವನ್ನು ಎತ್ತಿಕೊಂಡನು. ಸ್ನಾನ ಮಾಡಿಸಿದನು, ಅನ್ನ ಕಲಸಿದನು, ಶಾಲೆಗೆ ಬಿಟ್ಟು ಬಂದನು, ರಾತ್ರಿ ಕಥೆ ಹೇಳಿದನು. ಊರಲ್ಲಿ ಉಳಿದಿದ್ದರೆ ಇವನೇ ಇದನ್ನು ಮಾಡುತ್ತಿದ್ದನೆ? ನಾಚಿಕೆಯು ಬಿಡುತ್ತಿರಲಿಲ್ಲ, ಮಾಡುವವರು ಬೇರೆಯವರೂ ಇರುತ್ತಿದ್ದರು. ಒಂಟಿತನವೇ ಅವನನ್ನು ತಂದೆಯನ್ನಾಗಿ ಮಾಡಿತು. ಹೊರನಾಡಿನ ಮಕ್ಕಳಿಗೆ ಲಭಿಸಿದ ಅಧಿಕ ಸೌಖ್ಯವು ಯಾವದೆಂದು ಕೇಳಿದರೆ, ಇದೇ, ಇದು ಸಣ್ಣದಲ್ಲ. ಹೋದವರ ಪಕ್ಷದಲ್ಲಿ ಇಷ್ಟನ್ನು ಒಪ್ಪಲೇಬೇಕು. ಶನಿವಾರ ಆದಿತ್ಯವಾರಗಳಲ್ಲಿ ಕನ್ನಡ ಕೂಟಗಳು ಸೇರುತ್ತವೆ. ಉತ್ತರ ಕ್ಯಾಲಿಫೋರ್ನಿಯದ ಕೂಟವು 1973ರಷ್ಟು ಹಿಂದಿನದು. ಅಲ್ಲಿ ಮಕ್ಕಳಿಗೆ ಹೆಸರಿಗೆ ಮಾವ-ಅತ್ತೆಯರು ಸಿಗುತ್ತಾರೆ. ಆದರೆ ಸೋಮವಾರ ಬೆಳಗಾದರೆ ಅವರು ನಲವತ್ತು ಮೈಲು ದೂರ.

ಈ ಮೂವರ ಮನೆಗೆ ಅಲ್ಲಿಯ ನೆಲವು ಗಟ್ಟಿಯಾಗಿದೆಯೆ ಎಂಬದು ಬೇರೆ ಪ್ರಶ್ನೆ. ಒಂದೊಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಕಾಯಂ ವಾಸದ ಪರವಾನಿಗೆಗಳಿಲ್ಲವೆಂಬ ನಿಯಮದಿಂದ ಭಾರತೀಯ ನೌಕರರು ಹತ್ತಾರು ವರ್ಷ ಕಾಯುತ್ತಾರೆ. ಅವರ ಹೆಂಡಿರಿಗೆ ದುಡಿಯುವ ಅನುಮತಿಯು, ಅದೂ ಕೆಲವರಿಗೆ ಮಾತ್ರ, ದೊರೆತದ್ದು 2015ರಲ್ಲಿ. ಎರಡು ವರ್ಷದ ಕೂಸಾಗಿ ಅಲ್ಲಿಗೆ ಹೋಗಿ, ಅಲ್ಲಿಯ ಶಾಲೆಯಲ್ಲಿಯೇ ಓದಿ, ಬೇರೆ ಊರನ್ನರಿಯದ ಹುಡುಗನು ಇಪ್ಪತ್ತೊಂದು ತುಂಬಿದ ದಿನ ತಂದೆಯ ಪರವಾನಿಗೆಯ ಆಶ್ರಯವನ್ನು ಕಳೆದುಕೊಳ್ಳುತ್ತಾನೆ. ಬೇರೆ ಪರವಾನಿಗೆಯನ್ನು ಸಂಪಾದಿಸಬೇಕು, ಇಲ್ಲವೆ ದೇಶ ಬಿಡಬೇಕು. ಅಲ್ಲಿಯೇ ಹುಟ್ಟಿದ ತಂಗಿಗೆ ಈ ಭಯವಿಲ್ಲ. ಒಂದೇ ಮನೆಯ ಎರಡು ಮಕ್ಕಳಿಗೆ ಎರಡು ವಿಧಿ.

ಕೊಲ್ಲಿಯ ದೇಶಗಳ ದಾರಿಯು ಮತ್ತೊಂದು. ಜಿಲ್ಲೆಯ ಭಟಕಳದಿಂದ ನವಾಯತರು ಬಹುಕಾಲದಿಂದ ಅಲ್ಲಿ ವ್ಯಾಪಾರ, ನೌಕರಿಗಳಲ್ಲಿದ್ದಾರೆ. 1919ರಲ್ಲಿ ಸ್ಥಾಪಿತವಾದ ಅಂಜುಮನ್ ಸಂಸ್ಥೆಯು ಊರಿನ ಮಕ್ಕಳಿಗೆ ವಿದ್ಯೆಯ ಆಸರೆಯಾಯಿತು. ಆದರೆ ಸಂಬಳವು ಗೊತ್ತಾದ ಮಿತಿಗಿಂತ ಕಡಿಮೆಯಿದ್ದವನಿಗೆ ಅಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಳ್ಳುವ ಹಕ್ಕಿಲ್ಲ. ಸೌದಿ ಸರಕಾರವು 2017ರಿಂದ ಪರಕೀಯ ನೌಕರನ ಒಬ್ಬೊಬ್ಬ ಅವಲಂಬಿಗೂ ತಿಂಗಳಿಗೆ 100 ರಿಯಾಲು ತೆರಿಗೆ ಹಾಕಿ, ವರ್ಷವರ್ಷಕ್ಕೆ ಏರಿಸಿ 400ಕ್ಕೆ ತಂದಿತು. ಅನೇಕ ಭಾರತೀಯರು ಸಂಸಾರವನ್ನು ತಿರುಗಿ ಊರಿಗೆ ಕಳಿಸಿದರು. ಇಲ್ಲಿ ಮಕ್ಕಳಿಗೆ ಅಜ್ಜಿ ಉಂಟು, ಅತ್ತೆ ಉಂಟು, ಹಣವೂ ಉಂಟು. ತಂದೆಯು ವರ್ಷಕ್ಕೊಮ್ಮೆ ಬರುವ ನೆಂಟ. ಹಾಗಿರಲು ಪರದೇಶವು ಮಕ್ಕಳಿಗೆ ಹಿತವೋ ಅಹಿತವೋ ಎಂದು ಒಂದೇ ಮಾತಿನಲ್ಲಿ ಕೇಳುವದರಲ್ಲಿಯೇ ದೋಷವಿದೆ. ಯಾರು ಯಾರ ಜೊತೆಗೆ ಹೋದರು, ಯಾರನ್ನು ಹಿಂದೆ ಬಿಟ್ಟರು ಎಂದು ಕೇಳಬೇಕು.

ಹಿಂದೆ ಬಿಟ್ಟವರಲ್ಲಿ ಮಕ್ಕಳೂ ಇದ್ದಾರೆಂಬದು ಈ ವಾದದಲ್ಲಿ ಯಾರಿಗೂ ಹೊಳೆಯುವದಿಲ್ಲ. ತೋಟವನ್ನೇ ನಂಬಿ ಊರಲ್ಲುಳಿದ ತರುಣನಿಗೆ ಹೆಣ್ಣು ಕೊಡುವವರಿಲ್ಲ. ನಲವತ್ತು ದಾಟಿದ ಬ್ರಹ್ಮಚಾರಿಗಳು ಈ ಮೂರೂ ತಾಲೂಕುಗಳಲ್ಲಿ ಕಾಣುತ್ತಾರೆ. ಮದುವೆಯಾದ ಒಬ್ಬಿಬ್ಬರ ಮಕ್ಕಳಿಗೆ ಆಡಲು ಜೊತೆಯಿಲ್ಲ. ಹತ್ತು ಮಕ್ಕಳೂ ಇಲ್ಲದ ಕಿರಿಯ ಪ್ರಾಥಮಿಕ ಶಾಲೆಗಳು ಮಲೆನಾಡಿನಲ್ಲಿ ಈಗ ವಿಶೇಷವಲ್ಲ. ಆ ಮಗುವಿಗೆ ಅಜ್ಜ-ಅಜ್ಜಿಯರ ತೊಡೆಯುಂಟು, ತಂದೆತಾಯಿಗಳ ಕೈಯುಂಟು. ದಾಯಾದಿ ಅಣ್ಣ-ತಂಗಿಯರು ಮಾತ್ರ ಬೇಸಗೆಯಲ್ಲಿ ಎರಡು ವಾರ ಬಂದು, ಬೇರೆ ಭಾಷೆಯಲ್ಲಿ ಮಾತನಾಡಿ, ಹೊರಟುಹೋಗುತ್ತಾರೆ.

ಹಿರಿಯರ ಸಂಗತಿಯು ಇನ್ನೂ ಸೂಕ್ಷ್ಮವಾದದ್ದು. ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವದು ಈ ದೇಶದ ಸಂಪ್ರದಾಯ. ಈಗ ತವರೇ ಮಗಳಿದ್ದಲ್ಲಿಗೆ ವಿಮಾನವೇರಿ ಹೋಗುತ್ತದೆ. ಅಮೇರಿಕೆಯಲ್ಲಿ ಸಂದರ್ಶಕರಿಗೆ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳ ವಾಸವನ್ನಷ್ಟೇ ಕೊಡುತ್ತಾರೆ. ಆದುದರಿಂದ ಮೊದಲ ಆರು ತಿಂಗಳು ತಾಯಿಯ ತಾಯಿ, ಆಮೇಲಿನ ಆರು ತಿಂಗಳು ತಂದೆಯ ತಾಯಿ ಎಂದು ಸರದಿಯಾಗುತ್ತದೆ. ಕಂಚಿಗೆ ಹೊರಟ ವೀರಶರ್ಮನಿಗೆ ಇಂಥ ಅವಧಿಯನ್ನು ಯಾರೂ ಗೊತ್ತುಮಾಡಿರಲಿಲ್ಲ. ಮಗುವು ಅಜ್ಜಿಯ ಮಾತನ್ನು ತಿರುಗಿ ಆಡುವಷ್ಟಾಗುವ ಹೊತ್ತಿಗೆ ಅಜ್ಜಿಯು ತೆರಳಿರುತ್ತಾಳೆ. ಮುಂದೆ ಸಂಬಂಧವೆಲ್ಲ ದೂರವಾಣಿಯ ಪರದೆಯ ಮೇಲೆ: ಸಿದ್ದಾಪುರದಲ್ಲಿ ದೀಪ ಹಚ್ಚುವ ಏಳು ಗಂಟೆಯೆಂದರೆ ಕ್ಯಾಲಿಫೋರ್ನಿಯದ ಬೇಸಗೆಯಲ್ಲಿ ಮುಂಜಾವಿನ ಆರೂವರೆ. ಮೊಮ್ಮಗನು ಹಲ್ಲುಜ್ಜುತ್ತಿರುತ್ತಾನೆ, ಅಜ್ಜನು ಊಟಕ್ಕೇಳುವ ಹೊತ್ತಾಗಿರುತ್ತದೆ.

ಇಬ್ಬರೂ ಕೂಡಿ ಹೋಗಿ ಆರು ತಿಂಗಳು ಇದ್ದು ಬರಬಾರದೆ ಎಂದು ಮಕ್ಕಳು ಕರೆಯುತ್ತಾರೆ. ಆದರೆ ತೋಟದ ಪಂಚಾಂಗವು ಆರು ತಿಂಗಳ ಬಿಡುವನ್ನು ಕೊಡುವದಿಲ್ಲ. ಕಾರ್ತಿಕದಿಂದ ಮಾಘದ ವರೆಗೆ ಕೊನೆಕೊಯ್ಲು, ಬೇಯಿಸಿ ಒಣಗಿಸುವ ಕೆಲಸ. ಅಡಿಕೆ ಮಾರಿ ಲೆಕ್ಕ ಮುಗಿಯುವ ಹೊತ್ತಿಗೆ ಯುಗಾದಿ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಔಷಧವನ್ನು ಗೊನೆಗೊನೆಗೂ ಹೊಡೆಸಬೇಕು, ಒಂದೂವರೆ ತಿಂಗಳ ಮೇಲೆ ಮತ್ತೊಮ್ಮೆ. ಮರ ಹತ್ತುವವರು ಈಗ ಊರಿಗೊಬ್ಬರೋ ಇಬ್ಬರೋ. ಅವರ ದಿನವನ್ನು ಮುಂಗಡವಾಗಿ ಗೊತ್ತುಮಾಡಿಕೊಂಡು, ಮಳೆ ಬಿಟ್ಟ ಗಳಿಗೆಗೆ ಕಾದು, ಎದುರಿಗೆ ನಿಂತು ಮಾಡಿಸದಿದ್ದರೆ ವರ್ಷದ ಬೆಳೆಯು ನೆಲಕ್ಕೆ. ಹೀಗಾಗಿ ಅಜ್ಜಿಯೊಬ್ಬಳೇ ಉಪ್ಪಿನಕಾಯಿ, ಬಾಣಂತಿಯ ಲೇಹ್ಯಗಳನ್ನು ಕಟ್ಟಿಕೊಂಡು ಹೊರಡುತ್ತಾಳೆ. ಎಪ್ಪತ್ತರ ಅಜ್ಜನು ತಾನೇ ಗಂಜಿ ಬೇಯಿಸಿಕೊಂಡು, ಎರಡನೆಯ ಔಷಧಕ್ಕೆ ಆಳು ಯಾವಾಗ ಬಂದಾನೆಂದು ಮೊಬೈಲಿಗೆ ಸಂಕೇತ ಸಿಗುವ ದಿಬ್ಬದ ವರೆಗೆ ನಡೆದುಹೋಗಿ ಕೇಳಿ ಬರುತ್ತಾನೆ.